ಹಣ್ಣಿನ ಕಾಕ್‌ಟೇಲ್: ನಾಲಿಗೆ ಹೇಳುವುದೊಂದು, ಲೋಟದಲ್ಲಿರುವುದೊಂದು

ಐರ್ಲೆಂಡ್‌ನಲ್ಲಿ ಹಬ್ಬವೆಂದರೆ ಪಬ್ ಎಂಬ ನಂಬಿಕೆ ಕ್ರಿಸ್‌ಮಸ್ ದಿನದ ಮಟ್ಟಿಗೆ ಸುಳ್ಳು. 1927ರ ಕಾನೂನು ಕ್ರಿಸ್‌ಮಸ್, ಗುಡ್ ಫ್ರೈಡೇ ಮತ್ತು ಸೇಂಟ್ ಪ್ಯಾಟ್ರಿಕ್ ದಿನಗಳಂದು ಪಬ್‌ಗಳ ಬಾಗಿಲು ಮುಚ್ಚಿಸಿತು. ಸೇಂಟ್ ಪ್ಯಾಟ್ರಿಕ್ ದಿನದ ನಿರ್ಬಂಧ 1960ರ ಕಾನೂನಿನಿಂದ, ಗುಡ್ ಫ್ರೈಡೇಯದು 2018ರಲ್ಲಿ ತೆರವಾಯಿತು; ಡಿಸೆಂಬರ್ 25ರದ್ದು ಇಂದಿಗೂ ಉಳಿದಿದೆ. ಆ ದಿನ ಕಾಕ್‌ಟೇಲ್ ಬೇಕಿದ್ದವರು ಬಾಟಲಿಯನ್ನು ಮೊದಲೇ ತಂದಿಟ್ಟುಕೊಂಡು ಮನೆಯಲ್ಲೇ ಬೆರೆಸಿಕೊಳ್ಳುತ್ತಾರೆ. ಅಳೆದು ಸುರಿಯುವ ಬಾರ್‌ಮನ್ ಅಲ್ಲಿರುವುದಿಲ್ಲ. ತಪ್ಪು ಕಲ್ಪನೆಗಳು ನುಸುಳುವುದು ಆಗಲೇ.

ಹಣ್ಣಿನ ರಸ ಬೆರೆಸಿದರೆ ಮದ್ಯದ ಬಲ ಕುಂದುತ್ತದೆ ಎಂಬುದು ಇವುಗಳಲ್ಲೆಲ್ಲ ದೊಡ್ಡದು. ರಸ ಮದ್ಯವನ್ನು ತೆಳುವಾಗಿಸುತ್ತದೆ, ಕಡಿಮೆ ಮಾಡುವುದಿಲ್ಲ. ಐರಿಷ್ ಪಬ್‌ನಲ್ಲಿ ವಿಸ್ಕಿಯ ಒಂದು ಅಳತೆ 35.5 ಮಿ.ಲೀ. ಶೇ. 40ರ ವಿಸ್ಕಿಯಾದರೆ ಅದರಲ್ಲಿ ಸುಮಾರು 11 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ಆ ದೇಶದ ಲೆಕ್ಕದಲ್ಲಿ ಒಂದು ‘ಸ್ಟ್ಯಾಂಡರ್ಡ್ ಡ್ರಿಂಕ್’ ಎಂದರೆ 10 ಗ್ರಾಂ. ಪುಟ್ಟ ಗ್ಲಾಸಿನಲ್ಲಿ ಕುಡಿದರೂ ದೊಡ್ಡ ಲೋಟದ ಸೇಬಿನ ರಸಕ್ಕೆ ಬೆರೆಸಿ ಕುಡಿದರೂ ಹೊಟ್ಟೆ ಸೇರುವುದು ಅಷ್ಟೇ. ಮೋಸ ಹೋಗುವುದು ನಾಲಿಗೆ. ಸಿಹಿಯೂ ಹುಳಿಯೂ ಮದ್ಯದ ಉರಿಯನ್ನು ಮುಚ್ಚುವುದರಿಂದ ಲೋಟ ಬೇಗ ಬರಿದಾಗುತ್ತದೆ, ಕೈಯಂದಾಜಿನಲ್ಲಿ ಸುರಿದದ್ದು ಒಂದೂವರೆ ಅಳತೆಯಾದರೂ ಗೊತ್ತಾಗುವುದಿಲ್ಲ. ಆದ್ದರಿಂದ ಅಳತೆಯ ಕಪ್ ಇಟ್ಟುಕೊಳ್ಳುವುದು ಹಣ್ಣು ಆರಿಸುವುದಕ್ಕಿಂತ ಮುಖ್ಯ. ಒಂದು ಅಳತೆ ವಿಸ್ಕಿ, 100 ಮಿ.ಲೀ. ಸೇಬಿನ ರಸ, ಅರ್ಧ ನಿಂಬೆ, ಜಜ್ಜಿದ ಶುಂಠಿ ಇಷ್ಟಿದ್ದರೆ ಹಬ್ಬಕ್ಕೆ ಸಾಕು. ಅಂಗಡಿಯ ರಸ ಮೊದಲೇ ಸಿಹಿ; ಸಕ್ಕರೆ ಪಾಕ ಬೇಡ.

ಪಂಚ್‌ನ ತಳದಲ್ಲಿ ಉಳಿದ ಹಣ್ಣಿನ ಹೋಳು ಮಕ್ಕಳು ತಿಂದರೆ ತೊಂದರೆಯಿಲ್ಲ ಎನ್ನುವವರಿದ್ದಾರೆ. ಇದು ಅಪಾಯದ ಮಾತು. ಗಂಟೆಗಟ್ಟಲೆ ನೆನೆದ ಕಿತ್ತಳೆ, ಸೇಬು ಮದ್ಯವನ್ನು ಹೀರಿಕೊಂಡಿರುತ್ತವೆ. ಮಕ್ಕಳ ಜಗ್ಗನ್ನು ಮೊದಲಿನಿಂದಲೇ ಬೇರೆ ಇಡಬೇಕು.

ಚಳಿಗಾಲದಲ್ಲಿ ತಾಜಾ ಹಣ್ಣೇ ಶ್ರೇಷ್ಠ ಎಂಬುದೂ ಅರೆಸತ್ಯ. ಐರ್ಲೆಂಡ್‌ನ ಬೇಲಿಗಳಲ್ಲಿ ಬ್ಲ್ಯಾಕ್‌ಬೆರಿ ಮಾಗುವುದು ಬೇಸಿಗೆಯ ಕೊನೆಯಲ್ಲಿ. ಆಗ ಕಿತ್ತು ಫ್ರೀಜರ್‌ನಲ್ಲಿಟ್ಟದ್ದು ಡಿಸೆಂಬರ್‌ನಲ್ಲಿ ದೂರದೇಶದಿಂದ ಬಂದ ಸಪ್ಪೆ ಹಣ್ಣಿಗಿಂತ ರುಚಿ, ಐಸ್‌ನ ಕೆಲಸವನ್ನೂ ಒಂದಿಷ್ಟು ಮಾಡುತ್ತದೆ. ಐಸ್ ಹೆಚ್ಚಾದರೆ ಪಾನೀಯ ನೀರಾಗುತ್ತದೆ ಎಂಬ ಅಂಜಿಕೆಯೂ ತಲೆಕೆಳಗು: ಎರಡೇ ತುಂಡು ಹಾಕಿದರೆ ಅವು ಪೂರ್ತಿ ಕರಗುತ್ತವೆ, ಲೋಟದ ತುಂಬ ಹಾಕಿದರೆ ಬೇಗ ತಣ್ಣಗಾಗಿ ಕರಗುವುದು ನಿಧಾನವಾಗುತ್ತದೆ.

1974ರಲ್ಲಿ ಮಾರುಕಟ್ಟೆಗೆ ಬಂದ ಬೈಲೀಸ್‌ನಂಥ ಕ್ರೀಮ್ ಲಿಕರ್‌ಗೆ ಕಿತ್ತಳೆ ಅಥವಾ ನಿಂಬೆಯ ರಸ ಹಿಂಡಿ, ಅದು ಒಡೆದಾಗ ಬಾಟಲಿಯೇ ಕೆಟ್ಟಿದೆ ಎಂದು ಚೆಲ್ಲುವವರುಂಟು. ಬಾಟಲಿಯದು ತಪ್ಪಲ್ಲ, ಹುಳಿಗೆ ಹಾಲಿನ ಕೇಸಿನ್ ಪ್ರೋಟೀನು ಗಟ್ಟಿಕಟ್ಟುತ್ತದೆ, ಪನೀರ್ ಆಗುವುದೂ ಹೀಗೆಯೇ. ಒಡೆದದ್ದು ವಿಷವಲ್ಲ, ಬಾಯಿಗೆ ಹಿತವಲ್ಲ. ಕ್ರೀಮ್‌ಗೆ ಹೊಂದುವ ಹಣ್ಣು ಬಾಳೆ.

ರಾತ್ರಿ ಕುಡಿದದ್ದು ಬೆಳಗಿನ ಕಾಫಿಗೆ ಇಳಿಯುತ್ತದೆ ಎಂಬ ನಂಬಿಕೆ ಎಲ್ಲ ದೇಶಗಳಲ್ಲೂ ಇದೆ. ಕಾಫಿ ನಿದ್ದೆ ಓಡಿಸೀತು, ಆಲ್ಕೊಹಾಲನ್ನಲ್ಲ. ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಕರಗಿಸಲು ಯಕೃತ್ತಿಗೆ ಸುಮಾರು ಒಂದು ಗಂಟೆ ಬೇಕು. ಐರ್ಲೆಂಡ್‌ನಲ್ಲಿ ವಾಹನ ಚಾಲಕರಿಗಿರುವ ಮಿತಿ 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ, ಕಲಿಯುವವರಿಗೆ, ಹೊಸಬರಿಗೆ ಮತ್ತು ವೃತ್ತಿಪರ ಚಾಲಕರಿಗೆ 20 ಮಿ.ಗ್ರಾಂ. ಮರುದಿನ ಬೆಳಿಗ್ಗೆ ತಪಾಸಣೆಗೆ ನಿಲ್ಲಿಸಿದರೂ ಅನ್ವಯವಾಗುವುದು ಇದೇ ಮಿತಿ.