ಅಬ್ಬಿಗೆ ಹೋಗುವ ದಾರಿ, ತೋಟಕ್ಕೆ ಬರುವ ನೀರು

ಮಲೆನಾಡಿನಲ್ಲಿ ಅಬ್ಬಿ ಎಂಬ ಮಾತು ಎರಡು ಅರ್ಥದಲ್ಲಿ ಬಳಕೆಯಲ್ಲಿದೆ. ಗುಡ್ಡದ ಒರತೆಯಿಂದ ಅಡಿಕೆ ದಂಬೆ ಹಾಕಿ ಅಂಗಳಕ್ಕೆ ತಂದ ನೀರೂ ಅಬ್ಬಿಯೇ, ಬಂಡೆಯ ಮೇಲಿಂದ ಧುಮುಕುವ ಜಲಪಾತವೂ ಅಬ್ಬಿಯೇ. ಮಡಿಕೇರಿಯ ಹತ್ತಿರದ ಪ್ರಸಿದ್ಧ ಜಲಪಾತಕ್ಕೆ ಇದೇ ಹೆಸರು ನಿಂತಿದೆ. ಹೆಸರು ಒಂದಾಗಿರುವುದು ಸರಿಯಾಗಿಯೇ ಇದೆ. ಎರಡಕ್ಕೂ ನೀರು ಕೊಡುವುದು ಮೇಲಿನ ಕಾಡು ಮತ್ತು ಗುಡ್ಡ.

ಈಚಿನ ವರ್ಷಗಳಲ್ಲಿ ಜಲಪಾತಗಳನ್ನು ನೋಡಲು ಕಾಲ್ನಡಿಗೆಯಲ್ಲಿ ಬರುವವರ ಸಂಖ್ಯೆ ಹೆಚ್ಚಿದೆ. ಅವರ ಕಾಲುದಾರಿ ಅನೇಕ ಕಡೆ ನಮ್ಮ ಸೊಪ್ಪಿನ ಬೆಟ್ಟದಲ್ಲಿ, ತೋಟದ ಅಂಚಿನಲ್ಲಿ, ಕೆಲವೆಡೆ ಕಾಫಿ ಗಿಡಗಳ ನಡುವೆಯೇ ಹಾದುಹೋಗುತ್ತದೆ. ಆದ್ದರಿಂದ ಇದು ಪ್ರವಾಸಿಗರಿಗೆ ಮಾತ್ರ ಸೇರಿದ ವಿಷಯವೆಂದು ಬೆಳೆಗಾರರು ಸುಮ್ಮನಿರುವಂತಿಲ್ಲ. ದಾರಿ ಕೆಟ್ಟ ಕಡೆ ಮಣ್ಣು ಹೋಗುತ್ತದೆ, ಮಣ್ಣು ಹೋದ ಕಡೆ ನೀರು ನಿಲ್ಲುವುದಿಲ್ಲ.

ಅಘನಾಶಿನಿಯ ಉದಾಹರಣೆ

ಉತ್ತರ ಕನ್ನಡದ ಅಘನಾಶಿನಿ ನದಿಯನ್ನು ನೋಡೋಣ. ಶಿರಸಿ ಭಾಗದಲ್ಲಿ ಹುಟ್ಟುವ ಈ ನದಿ ಘಟ್ಟವಿಳಿದು ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಜೋಗದ ನೀರು ಬಹುಮಟ್ಟಿಗೆ ಅಣೆಕಟ್ಟಿನ ಬಾಗಿಲನ್ನು ಅವಲಂಬಿಸಿತು. ಅಘನಾಶಿನಿಗೆ ಅಂಥ ದೊಡ್ಡ ಅಣೆಕಟ್ಟು ಇಲ್ಲ. ಕಾಡು ಬಿಟ್ಟುಕೊಟ್ಟಷ್ಟು ನೀರು ಇಲ್ಲಿ ಹರಿಯುತ್ತದೆ.

ಸಿದ್ದಾಪುರ ತಾಲೂಕಿನ ಹೆಗ್ಗರಣೆಯಿಂದ ಕಾಡಿನೊಳಗೆ ಸಾಗಿದರೆ ಇದೇ ನದಿಯ ಉಂಚಳ್ಳಿ ಜಲಪಾತ ಸಿಗುತ್ತದೆ. ಎತ್ತರ 116 ಮೀಟರ್, ಅಂದರೆ ಸುಮಾರು 380 ಅಡಿ. ಬ್ರಿಟಿಷ್ ಅಧಿಕಾರಿ ಲಷಿಂಗ್ಟನ್ 1845ರಲ್ಲಿ ಇದನ್ನು ಕಂಡನೆಂದು ಅವನ ಹೆಸರನ್ನೂ ಇಟ್ಟಿದ್ದಾರೆ. ಊರಿನವರಿಗೆ ಮಾತ್ರ ಇದು ಕೆಪ್ಪ ಜೋಗ, ಏಕೆಂದರೆ ಅದರ ಮುಂದೆ ನಿಂತವನಿಗೆ ಬೇರೆ ಮಾತು ಕೇಳಿಸದು. ಈ ಕಣಿವೆಯ ತಗ್ಗುಗಳಲ್ಲಿ ವರ್ಷವಿಡೀ ಒದ್ದೆಯಾಗಿರುವ ರಾಮಪತ್ರೆ ಜಡ್ಡಿಗಳಿವೆ. ಸಿಂಗಳೀಕಗಳೂ ಇರುವ ಈ ಕಾಡನ್ನು ಸರ್ಕಾರ 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು.

ಬೇಸಿಗೆಯ ನೀರು ಎಲ್ಲಿಂದ?

ನಮ್ಮಲ್ಲಿ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬೀಳುತ್ತದೆ. ಉಳಿದ ಕಾಲದಲ್ಲಿ ಹಳ್ಳದಲ್ಲಿ ಹರಿಯುವುದು ಗುಡ್ಡ ಕುಡಿದಿಟ್ಟ ನೀರು. ಕಾಡಿನ ನೆಲದಲ್ಲಿ ದರಕಿನ ಹಾಸು ಇರುತ್ತದೆ. ಮಳೆಯ ಹನಿ ನೇರವಾಗಿ ಮಣ್ಣಿಗೆ ಹೊಡೆಯದೆ, ಎಲೆಯ ಮೇಲೆ ನಿಧಾನವಾಗಿ ಇಳಿದು, ಬೇರಿನ ಸಂದುಗಳಲ್ಲಿ ಒಳಸೇರುತ್ತದೆ. ಘಟ್ಟದ ಮೇಲಿನ ಅಡಿಕೆ ತೋಟಕ್ಕೆ ಎಕರೆಗೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟ ಹಳೆಯ ಪದ್ಧತಿಯಿಂದ ಸೊಪ್ಪು ದೊರೆತಂತೆ ನೀರೂ ಉಳಿಯಿತು. ಅದೇ ನೆಲವನ್ನು ಸಾವಿರಾರು ಕಾಲುಗಳು ತುಳಿದು ಗಟ್ಟಿ ಮಾಡಿದರೆ ನೀರು ಒಳಗಿಳಿಯದೆ ಮೇಲೆಯೇ ಓಡುತ್ತದೆ.

ಒಂದು ಕಾಲುದಾರಿಯಿಂದಲೇ ಜಲಪಾತ ಬತ್ತಿಹೋಗುವುದಿಲ್ಲ ಎಂಬುದು ನಿಜ. ಆದರೆ ಕಾಲುದಾರಿ ಜೀಪು ದಾರಿಯಾಗಿ, ಅದರ ಪಕ್ಕ ಗುಡ್ಡ ಕಡಿದು ವಾಹನ ನಿಲ್ಲಿಸುವ ಜಾಗವಾಗಿ, ಅಂಗಡಿಗಳಾಗಿ ಬೆಳೆಯುವುದನ್ನು ನಾವು ಕಂಡಿದ್ದೇವೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಇಳಿಜಾರನ್ನು ಕಡಿದ ಕಡೆ ಅಪಾಯ ಹೆಚ್ಚೆಂದು ಪರಿಶೀಲಿಸಿದ ಭೂವಿಜ್ಞಾನಿಗಳು ತಿಳಿಸಿದರು.

ದಾರಿ ಕಾಲುವೆಯಾಗಬಾರದು

ತೋಟದಲ್ಲಿ ಬಸಿಗಾಲುವೆ ತೆಗೆಯುವವರಿಗೆ ಈ ವಿಷಯ ಹೊಸದಲ್ಲ. ಇಳಿಜಾರಿನಲ್ಲಿ ನೆಟ್ಟಗೆ ಇಳಿಯುವ ದಾರಿ ಒಂದೆರಡು ಮಳೆಗಾಲದಲ್ಲಿ ಕೊರಕಲಾಗುತ್ತದೆ. ಕೊರಕಲಿನಲ್ಲಿ ನಡೆಯಲಾಗದೆ ಜನ ಪಕ್ಕದಲ್ಲಿ ನಡೆಯುತ್ತಾರೆ, ಅಲ್ಲಿ ಇನ್ನೊಂದು ಕೊರಕಲು ಹುಟ್ಟುತ್ತದೆ. ಇದನ್ನು ತಡೆಯಲು ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. ದಾರಿಯು ಇಳಿಜಾರಿಗೆ ಅಡ್ಡಡ್ಡವಾಗಿ ಸುತ್ತಿಕೊಂಡು ಇಳಿಯಬೇಕು. ನೂರು ಅಡಿ ನಡೆದರೆ ಹತ್ತು ಅಡಿಗಿಂತ ಹೆಚ್ಚು ಇಳಿಯದಿದ್ದರೆ ಒಳ್ಳೆಯದು. ಅದಕ್ಕಿಂತ ಕಡಿದಾದ ಕಡೆ ಕಲ್ಲಿನ ಮೆಟ್ಟಿಲು ಬೇಕು.

2. ದಾರಿಯ ಮೈ ಕಣಿವೆಯ ಕಡೆಗೆ ಸ್ವಲ್ಪ ಓರೆಯಾಗಿರಲಿ. ಆಗ ನೀರು ದಾರಿಗುಂಟ ಓಡದೆ ಪಕ್ಕಕ್ಕೆ ಇಳಿಯುತ್ತದೆ.

3. ಅಲ್ಲಲ್ಲಿ ದಾರಿಗೆ ಓರೆಯಾಗಿ ಕಲ್ಲಿನ ಸಾಲು ಹುಗಿದು ನೀರನ್ನು ಕಾಡಿನ ದರಕಿನೊಳಗೆ ಬಿಡಬೇಕು. ಕಡಿದು ಹೆಚ್ಚಿದಷ್ಟೂ ಸಾಲುಗಳು ಹತ್ತಿರವಿರಬೇಕು. ಮಳೆಗಾಲಕ್ಕೆ ಮೊದಲೊಮ್ಮೆ, ನಡುವೊಮ್ಮೆ ಇವುಗಳ ಹೂಳು ತೆಗೆಯಬೇಕು.

4. ರಾಮಪತ್ರೆ ಜಡ್ಡಿಯ ಮೂಲಕ ದಾರಿ ಮಾಡಲೇಬಾರದು. ಆ ಮರಗಳು ಉಸಿರಾಡಲು ಕೆಸರಿನಿಂದ ಮೇಲೆತ್ತಿದ ಬೇರುಗಳು ತುಳಿತಕ್ಕೆ ಸಿಕ್ಕಿ ಹಾಳಾಗುತ್ತವೆ.

ಕಾಫಿ ಬೆಳೆಗಾರರ ಗಮನಕ್ಕೆ

ಮಳೆ ನಿಂತು ಹಳ್ಳ ತಿಳಿಯಾದ ನವೆಂಬರ್‌ನಿಂದ ಫೆಬ್ರವರಿವರೆಗೆ ಜಲಪಾತಕ್ಕೆ ಜನ ಬರುವ ಕಾಲ. ನಮ್ಮ ಕಾಫಿ ಹಣ್ಣಿನ ಪಲ್ಪಿಂಗ್ ನಡೆಯುವುದೂ ಆಗಲೇ. ಪಲ್ಪಿಂಗ್ ನೀರಿನಲ್ಲಿರುವ ಸಕ್ಕರೆ ಮತ್ತು ಅಂಟು ಹುಳಿ ಬಂದು, ಹಳ್ಳದ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಮೀನು ಸಾಯುತ್ತವೆ, ನೀರು ನಾರುತ್ತದೆ. ಮಳೆಗಾಲದ ಪ್ರವಾಹ ಅಷ್ಟಿಷ್ಟು ಕೊಳೆಯನ್ನು ಕೊಚ್ಚಿಕೊಂಡು ಹೋದೀತು, ಜನವರಿಯ ಸಣ್ಣ ಹಳ್ಳಕ್ಕೆ ಆ ಶಕ್ತಿಯಿಲ್ಲ. ನೀರನ್ನು ಗುಂಡಿಯಲ್ಲಿ ತಡೆದು, ಸುಣ್ಣ ಹಾಕಿ ಹುಳಿ ಮುರಿದು, ಸಾಕಷ್ಟು ದಿನ ನಿಲ್ಲಿಸಿ ಸಂಸ್ಕರಿಸದೆ ಹಳ್ಳಕ್ಕೆ ಬಿಡಬಾರದು. ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಿರಿ. ಪ್ರವಾಸಿ ಎಸೆದ ಪ್ಲಾಸ್ಟಿಕ್ಕನ್ನು ದೂರುವ ಮೊದಲು ನಮ್ಮ ಮನೆಯ ಈ ಕೆಲಸ ಸರಿಯಾಗಿರಬೇಕು. ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣಕ್ಕೂ ಈ ಮಾತು ಅನ್ವಯಿಸುತ್ತದೆ. ಡ್ರಮ್ಮನ್ನು ಹಳ್ಳದಲ್ಲಿ ತೊಳೆಯಬಾರದು.

ಜೀವಾಪಾಯದ ಎರಡು ಕಾಲಗಳು

ಮೊದಲನೆಯದು ಮಳೆಗಾಲ. 2023ರ ಜುಲೈಯಲ್ಲಿ ಕೊಲ್ಲೂರಿನ ಬಳಿಯ ಅರಿಶಿನಗುಂಡಿ ಜಲಪಾತದಲ್ಲಿ ಬಂಡೆಯಂಚಿನಲ್ಲಿ ನಿಂತ ಯುವಕನೊಬ್ಬ ಜಾರಿ ಬಿದ್ದು ತೀರಿಕೊಂಡ. ಪಾಚಿ ಕಟ್ಟಿದ ಬಂಡೆಗೆ ಯಾವ ಚಪ್ಪಲಿಯೂ ಹಿಡಿತ ಕೊಡುವುದಿಲ್ಲ. ನಾವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆಯಾದರೆ ನೀರು ಹಠಾತ್ತನೆ ಏರುತ್ತದೆ. ತಿಳಿನೀರು ಕೆಂಪಾಗುವುದು, ಎಲೆ ಕಡ್ಡಿಗಳು ತೇಲಿಬರುವುದು, ಸದ್ದು ಬದಲಾಗುವುದು ಇದರ ಸೂಚನೆಗಳು. ಇವು ಕಂಡ ಕೂಡಲೇ ಹಳ್ಳದಿಂದ ಮೇಲೆ ಬರಬೇಕು. ಹಳ್ಳಿಯವರಿಗೆ ಇದು ಗೊತ್ತು, ಪಟ್ಟಣದಿಂದ ಬಂದವರಿಗೆ ಗೊತ್ತಿರುವುದಿಲ್ಲ. ಎರಡು ಮಾತು ಹೇಳಿ ಕಳಿಸುವುದು ನಮ್ಮ ಕರ್ತವ್ಯ.

ಎರಡನೆಯದು ಬೇಸಿಗೆ. ಮಂಗನ ಕಾಯಿಲೆಯನ್ನು 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾಯಿತು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಇದು ಅನೇಕರ ಪ್ರಾಣ ತೆಗೆದುಕೊಂಡಿತು. ರೋಗವನ್ನು ಹರಡುವುದು ದರಕಿನಲ್ಲಿರುವ ಸಣ್ಣ ಉಣುಗು. ಸುಮಾರು ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ಜಲಪಾತಕ್ಕೆ ನಡೆಯುವವರಿಗಿಂತ ದರಕು ಗುಡಿಸುವ ನಮಗೂ ನಮ್ಮ ಆಳುಗಳಿಗೂ ಅಪಾಯ ಹೆಚ್ಚು. ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಬೇಕು. ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ. ಕಾಡಿಗೆ ಹೋಗಿಬಂದವರಿಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸದಸ್ಯರಲ್ಲಿ ವಿನಂತಿ

ತಮ್ಮ ಊರಿನ ಜಲಪಾತದ ದಾರಿಯನ್ನು ಸದಸ್ಯರು ಮುಂಗಾರಿಗೆ ಮುನ್ನ ಒಮ್ಮೆ ನಡೆದು ನೋಡಬೇಕು. ನೀರು ದಾರಿಗುಂಟ ಓಡುವ ಜಾಗಗಳನ್ನು ಗುರುತಿಸಿರಿ. ಅರಣ್ಯ ಭೂಮಿಯಾದರೆ ಇಲಾಖೆಯ ಒಪ್ಪಿಗೆ ಪಡೆದು, ಗ್ರಾಮ ಅರಣ್ಯ ಸಮಿತಿ ಇರುವ ಕಡೆ ಅದರೊಡನೆ ಸೇರಿ ಕೆಲಸ ಮಾಡಿರಿ. ಸ್ವಂತ ತೋಟದಲ್ಲಿ ದಾರಿಯಿದ್ದರೆ ಒಂದೇ ದಾರಿಯನ್ನು ಬೇಲಿ ಹಾಕಿ ತೋರಿಸಿಕೊಡುವುದು ಲೇಸು. ಬರಬೇಡಿ ಎಂದರೆ ಜನ ಹತ್ತು ಕಡೆಯಿಂದ ನುಗ್ಗುತ್ತಾರೆ, ಹತ್ತು ಕಡೆ ಮಣ್ಣು ಸಡಿಲವಾಗುತ್ತದೆ. ನಾಲ್ಕು ಆಳಿನ ಒಂದು ದಿನದ ಕೆಲಸದಿಂದ ಓರೆ ಕಲ್ಲಿನ ಹಲವು ಸಾಲುಗಳನ್ನು ಹುಗಿಯಬಹುದು. ತೋಟದ ಬಸಿಗಾಲುವೆಗೆ ಆಳು ಕರೆಯುವಾಗಲೇ ಈ ಕೆಲಸವನ್ನೂ ಸೇರಿಸಿಕೊಂಡರೆ ಬೇರೆ ಖರ್ಚಿನ ಹೊರೆ ಬೀಳುವುದಿಲ್ಲ.