ಹಳೆಯ ಒಣಹಣ್ಣುಗಳು

ಹಬ್ಬಕ್ಕೆಂದು ತಂದ ದ್ರಾಕ್ಷಿ, ಅಂಜೂರ, ಉತ್ತುತ್ತೆಗಳು ಡಬ್ಬಿಯ ತಳದಲ್ಲಿ ಉಳಿದು, ಕೆಲವು ತಿಂಗಳ ತರುವಾಯ ಕಲ್ಲಿನಂತಾಗಿ ಕೈಗೆ ಸಿಕ್ಕುವುದು ಎಲ್ಲರ ಮನೆಯಲ್ಲಿಯೂ ಉಂಟು. ಮೈಮೇಲೆ ಬಿಳಿಯ ಪುಡಿ ಕಂಡಿತೆಂದು ಒಮ್ಮೆ ಒಂದು ಡಬ್ಬಿ ಅಂಜೂರವನ್ನು ನಾನೇ ತಿಪ್ಪೆಗೆ ಸುರಿದೆನು. ಅದು ಬೂಷ್ಟಲ್ಲ, ಸಕ್ಕರೆ ಎಂಬುದು ಆಮೇಲೆ ತಿಳಿಯಿತು.

ಹಸಿಯ ದ್ರಾಕ್ಷಿಯಲ್ಲಿ ನೂರಕ್ಕೆ ಸುಮಾರು 80 ಪಾಲು ನೀರು. ಒಣಗಿದುದರಲ್ಲಿ ಸುಮಾರು 15 ಪಾಲು ಮಾತ್ರ. ಮಿಕ್ಕುದರಲ್ಲಿ ಬಹುಭಾಗ ಸಕ್ಕರೆಯೇ. ನೀರು ಇನ್ನೂ ಆರಿದಂತೆ ಈ ಸಕ್ಕರೆಯು ಹರಳುಗಟ್ಟಿ ಹೊರಮೈಗೆ ಬರುತ್ತದೆ. ಬೆಚ್ಚನೆಯ ನೀರಿನಲ್ಲಿ ಅದ್ದಿದರೆ ಕರಗಿಹೋಗುತ್ತದೆ. ಬೂಷ್ಟಾದರೋ ಕರಗುವುದಿಲ್ಲ, ನವಿರುನವಿರಾಗಿ ಹಬ್ಬಿ, ಮುಗ್ಗಲು ನಾರುತ್ತದೆ. ಅಂಜೂರವನ್ನು ಸೀಳಿ ಒಳಗನ್ನೂ ನೋಡಬೇಕು. ಬೂಷ್ಟು ಹಿಡಿದುದನ್ನು ತೊಳೆದು ಕುದಿಸಿ ಬಳಸುವ ಮಿತವ್ಯಯ ಮಾತ್ರ ಬೇಡ. ಕೆಲವು ಬೂಷ್ಟುಗಳು ಉಂಟುಮಾಡುವ ಅಫ್ಲಟಾಕ್ಸಿನ್ ಎಂಬ ವಿಷವು ಅಡಿಗೆಯ ಕುದಿತಕ್ಕೆ ಅಳಿಯದು.

ಶುದ್ಧವಾಗಿರುವುದನ್ನು ಬೇಗನೆ ತೊಳೆದು, ಮುಳುಗುವಷ್ಟೇ ಬಿಸಿನೀರು ಹೊಯ್ದು ಮುಚ್ಚಿಡಿರಿ. ದ್ರಾಕ್ಷಿಗೆ ಕಾಲು ಗಂಟೆ ಸಾಕು. ಗಟ್ಟಿ ಉತ್ತುತ್ತೆಗೆ ಕೆಲವು ಗಂಟೆಗಳೇ ಹಿಡಿದಾವು. ನೆನೆದ ನೀರನ್ನು ಚೆಲ್ಲಬಾರದು. ರುಚಿ ಅದರಲ್ಲಿಯೂ ಇಳಿದಿರುತ್ತದೆ. ಆದರೆ ಇಷ್ಟುಕಾಲ ಹಣ್ಣನ್ನು ಕಾಪಾಡಿದ್ದು ಅದರ ಒಣತನವೇ ಆದುದರಿಂದ, ನೆನೆಸಿದುದನ್ನು ಮರಳಿ ಡಬ್ಬಿಗೆ ಹಾಕದೆ ಅಂದೇ ಮುಗಿಸಬೇಕು.

ದ್ರಾಕ್ಷಿಯು ಪಾಯಸಕ್ಕಾಯಿತು. ಉತ್ತುತ್ತೆಯ ಬೀಜ ತೆಗೆದು, ಹುಣಿಸೆಹಣ್ಣು, ಮೆಣಸಿನಕಾಯಿ, ಉಪ್ಪುಗಳೊಡನೆ ರುಬ್ಬಿ, ಒಗ್ಗರಣೆ ಕೊಟ್ಟು ಕುದಿಸಿದರೆ ಒಳ್ಳೆಯ ಗೊಜ್ಜು; ಬೆಲ್ಲವೂ ಹೆಚ್ಚು ಬೇಡದು. ಕಮಟು ಹಿಡಿದ ಗೋಡಂಬಿ, ಬಾದಾಮಿಗಳಿಗೆ ಈ ಉಪಾಯ ಸಲ್ಲದು; ಅಲ್ಲಿ ಕೆಟ್ಟಿರುವುದು ಎಣ್ಣೆ.