ಸುಳ್ಳು ಸಹಿ, ಸುಳ್ಳು ಅಂಕಿತ

ಜರ್ಮನಿಯ ಸರ್ವಾಧಿಕಾರಿ ಅಡಾಲ್ಫ್ ಹಿಟ್ಲರನ ಹೆಸರನ್ನು ಅರಿಯದವರು ವಿರಳ. ಆತನು ತಾರುಣ್ಯದಲ್ಲಿ ಚಿತ್ರಕಾರನಾಗಬೇಕೆಂದು ಹಂಬಲಿಸಿದ್ದನೆಂಬುದು ಮಾತ್ರ ಅಷ್ಟು ಪ್ರಸಿದ್ಧವಲ್ಲ. ವಿಯೆನ್ನಾದ ಕಲಾ ಅಕಾಡೆಮಿಯು 1907ರಲ್ಲಿ ಒಮ್ಮೆ, 1908ರಲ್ಲಿ ಮತ್ತೊಮ್ಮೆ ಆತನನ್ನು ತಿರಸ್ಕರಿಸಿತು. ಬಳಿಕ ಬಡ ಗಂಡಸರ ವಸತಿಗೃಹದಲ್ಲಿ ನೆಲೆಸಿ, ಅಂಚೆ ಕಾರ್ಡುಗಳ ಮೇಲಿನ ಕಟ್ಟಡಗಳನ್ನು ನೋಡಿ ನೋಡಿ ಜಲವರ್ಣದಲ್ಲಿ ಬರೆದು ಆತನು ಹೊಟ್ಟೆ ಹೊರೆದನು. ಅವುಗಳನ್ನು ಹೊತ್ತು ಮಾರುತ್ತಿದ್ದವನು ಅದೇ ವಸತಿಗೃಹದ ರೈನ್‌ಹೋಲ್ಡ್ ಹಾನಿಶ್ ಎಂಬ ಸಂಗಾತಿ. 1910ರಲ್ಲಿ ಹಣದ ವಿಷಯವಾಗಿ ಇಬ್ಬರಿಗೂ ಮನಸ್ತಾಪವಾಗಿ ಹಾನಿಶನು ಸೆರೆಮನೆ ಕಂಡನು.

ವಿಚಿತ್ರವೆಂದರೆ, ಹಿಟ್ಲರನ ಹೆಸರಿನಲ್ಲಿ ಮೊಟ್ಟಮೊದಲು ಖೊಟ್ಟಿ ಚಿತ್ರ ಬರೆದವರಲ್ಲಿ ಇವನೂ ಒಬ್ಬ. 1930ರ ದಶಕದಲ್ಲಿ ಹಳೆಯ ಗೆಳೆಯನು ರಾಷ್ಟ್ರಾಧಿಪತಿಯಾಗಲು, ಹಾನಿಶನು ತಾನೇ ಚಿತ್ರ ಬರೆದು ಅವನ ಸಹಿ ಹಾಕಿ ಮಾರತೊಡಗಿದನು. 1936ರಲ್ಲಿ ಬಂಧಿತನಾಗಿ 1937ರಲ್ಲಿ ಸೆರೆಯಲ್ಲಿಯೇ ಸತ್ತನು.

ನಿಜವಾದ ಚಿತ್ರಗಳನ್ನು ಕೊಂಡವರ ಗತಿಯೇನಾಯಿತು? ಸಾಮ್ಯುವೆಲ್ ಮೋರ್ಗೆನ್‌ಸ್ಟರ್ನ್ ಎಂಬ ಯಹೂದಿ ವ್ಯಾಪಾರಿಯು ವಿಯೆನ್ನಾದಲ್ಲಿ ಕನ್ನಡಿ, ಚೌಕಟ್ಟುಗಳ ಅಂಗಡಿ ಇಟ್ಟಿದ್ದನು. ಆ ದರಿದ್ರ ತರುಣನ ಚಿತ್ರಗಳನ್ನು ನ್ಯಾಯವಾದ ಬೆಲೆಗೆ ಕೊಂಡು ಗಿರಾಕಿಗಳಿಗೆ ಒದಗಿಸಿದವನು ಆತನೇ. 1938ರಲ್ಲಿ ಜರ್ಮನಿಯು ಆಸ್ಟ್ರಿಯಾವನ್ನು ನುಂಗಿದಾಗ ಅಂಗಡಿ ಕೈತಪ್ಪಿತು. 1939ರಲ್ಲಿ ಹಳೆಯ ಪರಿಚಯವನ್ನು ನೆನಪಿಸಿ ಹಿಟ್ಲರನಿಗೇ ಪತ್ರ ಬರೆದನು. ಪತ್ರವು ಅವನನ್ನು ಮುಟ್ಟಲಿಲ್ಲ. 1943ರಲ್ಲಿ ಮೋರ್ಗೆನ್‌ಸ್ಟರ್ನ್ ಪೋಲೆಂಡಿನ ಲೋಡ್ಜ್ ನಗರದ ಯಹೂದಿ ಬಂದಿಕೇರಿಯಲ್ಲಿ ಪ್ರಾಣಬಿಟ್ಟನು. ಇಂಥ ಹೆಸರಿಗೆ ಹರಾಜಿನಲ್ಲಿ ಬೆಲೆ ಕಟ್ಟುವವರು ಇಂದಿಗೂ ಇದ್ದಾರೆಂಬುದನ್ನು ಜೀರ್ಣಿಸಿಕೊಳ್ಳುವುದು ಕಷ್ಟ.

ಮಹಾಕಲಾವಿದನನ್ನು ಅನುಕರಿಸುವವನಿಗೆ ಮಹಾಕೌಶಲ ಬೇಕು. ಸಾಧಾರಣ ಕೈಯನ್ನು ಅನುಕರಿಸಲು ಏನು ಬೇಕು? ಚಿತ್ರ ಕಳಪೆಯಾಗಿದ್ದಷ್ಟೂ ಅದು ಅವನದೇ ಎಂದು ಜನ ನಂಬುತ್ತಾರೆ. ಉಳಿದ ಕೆಲಸವನ್ನು ಮೂಲೆಯ ಸಹಿ ಮಾಡುತ್ತದೆ. ಇದನ್ನು ಚೆನ್ನಾಗಿ ಅರಿತವನು ಸ್ಟುಟ್‌ಗಾರ್ಟಿನ ಕೊನ್ರಾಡ್ ಕುಯಾವ್. ಅವನು ಹಿಟ್ಲರನ ಹೆಸರಿನಲ್ಲಿ ಚಿತ್ರಗಳನ್ನೂ ಪದ್ಯಗಳನ್ನೂ ಪತ್ರಗಳನ್ನೂ ಹುಟ್ಟಿಸಿ, ಕಡೆಗೆ ಅರುವತ್ತಕ್ಕೂ ಹೆಚ್ಚು ಸಂಪುಟಗಳ ದಿನಚರಿಯನ್ನೇ ಬರೆದನು. ಕಾಗದ ಹಳತಾಗಿ ಕಾಣಲೆಂದು ಅದರ ಮೇಲೆ ಚಹಾ ಸುರಿಯುತ್ತಿದ್ದನಂತೆ! ಹ್ಯಾಂಬರ್ಗಿನ 'ಸ್ಟರ್ನ್' ವಾರಪತ್ರಿಕೆಯು 93 ಲಕ್ಷ ಮಾರ್ಕುಗಳನ್ನು ತೆತ್ತು 1983ರ ಏಪ್ರಿಲ್ 25ರಂದು ಆ ದಿನಚರಿಯನ್ನು ಲೋಕಕ್ಕೆ ಸಾರಿತು. ಇಂಗ್ಲೆಂಡಿನ ಹೆಸರಾಂತ ಇತಿಹಾಸಕಾರ ಟ್ರೆವರ್-ರೋಪರ್ ಮೊದಲು ಅದನ್ನು ಪ್ರಮಾಣೀಕರಿಸಿದ್ದರು. ಹನ್ನೆರಡನೆಯ ದಿನಕ್ಕೆ ಜರ್ಮನಿಯ ರಾಷ್ಟ್ರೀಯ ಪತ್ರಾಗಾರವು, ಕಾಗದದಲ್ಲಿ ಯುದ್ಧಾನಂತರ ಬಳಕೆಗೆ ಬಂದ ಬಿಳುಪುಕಾರಕವಿದೆ, ಇದು ಕೃತಕವೆಂದು ಘೋಷಿಸಿತು. 1985ರಲ್ಲಿ ಕುಯಾವನಿಗೂ ದಿನಚರಿ ತಂದ ವರದಿಗಾರನಿಗೂ ನಾಲ್ಕು ವರ್ಷಕ್ಕೂ ಮಿಕ್ಕಿದ ಸೆರೆವಾಸ ವಿಧಿಸಲಾಯಿತು.

ಈ ಪ್ರಕರಣದಲ್ಲಿ ಬಹುವಾಗಿ ಚಿಂತಿಸಬೇಕಾದ ಅಂಶವೊಂದಿದೆ. ಹಸ್ತಾಕ್ಷರ ತಜ್ಞರು ದಿನಚರಿಯ ಬರಹವನ್ನು ಹಿಟ್ಲರನ 'ನಿಜವಾದ' ಬರಹದೊಡನೆ ಹೋಲಿಸಿಯೇ ಒಪ್ಪಿಗೆ ಕೊಟ್ಟಿದ್ದರು. ಆದರೆ ಹೋಲಿಕೆಗೆಂದು ಕೊಟ್ಟ ಮಾದರಿಗಳಲ್ಲಿಯೂ ಕುಯಾವನ ಕೈಬರಹವೇ ಸೇರಿತ್ತು! ಒರೆಗಲ್ಲೇ ಖೊಟ್ಟಿಯಾದ ಮೇಲೆ ಬಂಗಾರವನ್ನು ತಿಕ್ಕಿ ಫಲವೇನು? 1980ರಲ್ಲಿ ಗೌರವಾನ್ವಿತ ವಿದ್ವಾಂಸರೊಬ್ಬರು ಹೊರತಂದ ಹಿಟ್ಲರನ ಆರಂಭಿಕ ಬರಹಗಳ ಸಂಪುಟದೊಳಗೂ, 1983ರಲ್ಲಿ ಅಮೆರಿಕದ ಸಂಗ್ರಾಹಕರೊಬ್ಬರು ಪ್ರಕಟಿಸಿದ ಚಿತ್ರಗಳ ಪಟ್ಟಿಯೊಳಗೂ ಅವನ ಕೃತಿಗಳು ನುಸುಳಿದ್ದವು. ಮುಂದೆ ಬರುವವನು ಆ ಗ್ರಂಥಗಳನ್ನೇ ಪ್ರಮಾಣವೆಂದು ಹಿಡಿಯುತ್ತಾನೆ. 2019ರಲ್ಲಿಯೂ ನ್ಯೂರೆಂಬರ್ಗಿನ ಹರಾಜು ಮನೆಯೊಂದರಿಂದ ಇಂಥ 63 ಚಿತ್ರಗಳನ್ನು ಸಂಶಯದ ಮೇಲೆ ವಶಪಡಿಸಿಕೊಳ್ಳಲಾಯಿತು. ಕುಯಾವನು 2000ದಲ್ಲಿ ತೀರಿಕೊಂಡ ಮೇಲೆ ಅವನ ಖೊಟ್ಟಿಗಳಿಗೇ ಬೇಡಿಕೆ ಬಂದು, ಅವುಗಳ ಖೊಟ್ಟಿಗಳನ್ನು ಮಾರಿದ ಅವನ ಬಂಧುವೊಬ್ಬಳಿಗೆ 2010ರಲ್ಲಿ ಶಿಕ್ಷೆಯಾಯಿತು.

ಪರದೇಶದ ಈ ವೃತ್ತಾಂತ ನಮಗೇಕೆ ಎಂದು ಶರಣಬಂಧುಗಳು ಕೇಳಬಹುದು. ನಮ್ಮ ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಿಂದಲೇ ಉತ್ತರವನ್ನು ಆರಂಭಿಸೋಣ. ಅಲ್ಲಿನ ಅರಳಿಯನ್ನು ಮಹಾಭಾರತದ ವಿದುರನು ನೆಟ್ಟನೆಂಬುದು ಜನರ ನಂಬಿಕೆ. ಮರವು 2001ರಲ್ಲಿ ಉರುಳಿತು. ಸಾವಿರಾರು ನಾಗರಕಲ್ಲುಗಳೂ ಹರಕೆ ಹೊತ್ತು ಬರುವವರೂ ಉಳಿದಿದ್ದಾರೆ. ಸ್ಥಳಪುರಾಣವು ಸ್ಥಳಪುರಾಣವೆಂದೇ ಕರೆದುಕೊಳ್ಳುವುದರಿಂದ ಯಾರಿಗೂ ಮೋಸವಿಲ್ಲ. ಅದೇ ಮಹಾಭಾರತದ ಜನಮೇಜಯನ ಮಾತು ಬೇರೆ. ಅವನು ಸರ್ಪಯಾಗದ ಸಂದರ್ಭದಲ್ಲಿ ಭೂಮಿ ದಾನಮಾಡಿದನೆಂದು ಸಾರುವ ತಾಮ್ರಶಾಸನಗಳು ಶಿವಮೊಗ್ಗದ ಸೀಮೆಯಲ್ಲಿ ದೊರೆತವು. ಅವುಗಳ ಲಿಪಿ, ಭಾಷೆಗಳನ್ನು ಪರಿಶೀಲಿಸಿದ ವಿದ್ವಾಂಸರು ಅವು ಎಷ್ಟೋ ಶತಮಾನಗಳ ಈಚಿನವೆಂದು ನಿರ್ಣಯಿಸಿದರು. ಇದು ನಂಬಿಕೆಯಲ್ಲ, ದಸ್ತಾವೇಜಿನ ವೇಷ. ಬೇಕಾಗಿದ್ದುದು ಭೂಮಿಯ ಹಕ್ಕು.

ನಮ್ಮ ನಂದಿಬೆಟ್ಟದ ಹೆಸರಿನಿಂದಲೇ 'ನಂದಗಿರಿನಾಥ'ರೆಂದು ಕರೆದುಕೊಂಡ ಗಂಗ ಅರಸರ ತಾಮ್ರಪಟಗಳಲ್ಲಿಯೂ ಕೂಟಶಾಸನಗಳಿವೆ. ಜೆ. ಎಫ್. ಫ್ಲೀಟರು ಅವುಗಳನ್ನು ಒಂದೊಂದಾಗಿ ಶೋಧಿಸಿದರು, ಮೈಸೂರಿನ ಬಿ. ಎಲ್. ರೈಸರು ಅನೇಕವನ್ನು ಸಮರ್ಥಿಸಿ ವಾದಿಸಿದರು. ಫ್ಲೀಟರ ಸಂಶಯ ಅತಿಯಾಯಿತೆಂದು ಮುಂದಿನವರು ಕೆಲವನ್ನು ಮತ್ತೆ ಒಪ್ಪಿಕೊಂಡದ್ದೂ ಉಂಟು. ಸಂಶಯಕ್ಕೂ ಒಂದು ಹದ ಬೇಕಷ್ಟೆ.

ಈಗ ನಮ್ಮ ಮನೆಯ ಮಾತು. ವಚನಕ್ಕೆ ಅಂಕಿತವೇ ಸಹಿ. 'ಕೂಡಲಸಂಗಮದೇವ' ಎಂದೊಡನೆ ಬಸವಣ್ಣನವರನ್ನೂ, 'ಗುಹೇಶ್ವರ' ಎಂದೊಡನೆ ಅಲ್ಲಮಪ್ರಭುಗಳನ್ನೂ ನೆನೆಯುತ್ತೇವೆ. ಮಾತೆ ಮಹಾದೇವಿಯವರು 'ವಚನ ದೀಪ್ತಿ'ಯಲ್ಲಿ ಬಸವಣ್ಣನವರ ಅಂಕಿತವನ್ನು 'ಲಿಂಗದೇವ' ಎಂದು ಬದಲಿಸಿದಾಗ ಸಮಾಜವೇ ಎದ್ದು ನಿಂತಿತು. ಸರ್ಕಾರವು 1998ರಲ್ಲಿ ಗ್ರಂಥವನ್ನು ಮುಟ್ಟುಗೋಲು ಹಾಕಿತು. ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಆ ಕ್ರಮವನ್ನು ಎತ್ತಿಹಿಡಿಯಿತು. ಅಂಕಿತ ತೆಗೆದಾಗ ಅಷ್ಟು ನೊಂದ ನಾವು, ಅಲ್ಲದ ಮಾತಿಗೆ ಅಂಕಿತ ಅಂಟಿಸಿದಾಗ ಸುಮ್ಮನಿರುತ್ತೇವಲ್ಲ! ಲಗ್ನಪತ್ರಿಕೆಯಲ್ಲಿ, ಸಭಾಮಂಟಪದ ಫಲಕದಲ್ಲಿ, ಮೊಬೈಲಿನ ಶುಭೋದಯ ಸಂದೇಶದಲ್ಲಿ ಯಾರೋ ನಿನ್ನೆ ಹೊಸೆದ ನಾಲ್ಕು ಸಾಲು ಬಸವಣ್ಣನವರ ಹೆಸರಿನಲ್ಲಿ ಸಂಚರಿಸುತ್ತವೆ. ವಚನದ ನುಡಿ ತಿಳಿಯಾದುದರಿಂದ ಅದನ್ನು ಯಾರೂ ಬರೆದುಬಿಡಬಹುದೆಂಬ ಭ್ರಮೆ ಹಲವರಿಗೆ. ಬರೆದವರಲ್ಲಿ ಹೆಚ್ಚಿನವರು ದುಷ್ಟರಲ್ಲ, ಭಕ್ತರೇ. ತಮ್ಮ ಒಳ್ಳೆಯ ಮಾತಿಗೆ ದೊಡ್ಡ ಹೆಸರಿನ ಬಲ ಬಯಸಿದವರು. ಆದರೆ ನಾಳೆ ಮಗುವೊಂದು ಅದನ್ನೇ ಭಾಷಣಸ್ಪರ್ಧೆಯಲ್ಲಿ ಹೇಳುತ್ತದೆ, ನಾಡಿದ್ದು ಅದು ಸ್ಮರಣಸಂಚಿಕೆಯಲ್ಲಿ ಅಚ್ಚಾಗುತ್ತದೆ, ಅಲ್ಲಿಂದ ಅದೇ ಆಧಾರವಾಗುತ್ತದೆ. ಕುಯಾವನ ಮಾದರಿಗಳಂತೆಯೇ.

ಇದಕ್ಕೆ ಉಪಾಯ ದುರ್ಲಭವಲ್ಲ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗರಿಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಬೆಳಕಿಗೆ ತಂದರು. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ ಸಮಗ್ರ ವಚನ ಸಂಪುಟಗಳನ್ನು ಸರ್ಕಾರವೇ ಪ್ರಕಟಿಸಿತು. ಅವುಗಳಲ್ಲಿ ಪ್ರತಿಯೊಂದು ವಚನಕ್ಕೂ ಸಂಖ್ಯೆಯುಂಟು. ಪತ್ರಿಕೆ ಅಚ್ಚುಮಾಡಿಸುವ ಮೊದಲು ಆ ಸಂಖ್ಯೆಯನ್ನು ಹುಡುಕಿ ನೋಡಿರಿ. ಸಿಗದಿದ್ದರೆ ಅಂಕಿತವನ್ನು ಬಿಟ್ಟು ಬರೆದವರ ಹೆಸರನ್ನೇ ಹಾಕಿರಿ.

ಇನ್ನು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕಡೆಯ ಹಳೆಯ ಮನೆತನಗಳಲ್ಲಿ ಓಲೆಗರಿಯ ಕಟ್ಟುಗಳಿದ್ದರೆ ಬಿಡಿಬಿಡಿಯಾಗಿ ಯಾರಿಗೂ ಕೊಡಬೇಡಿರಿ. ಕಟ್ಟು ಯಾರ ಕಾಲದ್ದು, ಯಾವ ಮನೆಯಿಂದ ಬಂದಿತು, ಈವರೆಗೆ ಯಾರ ಬಳಿಯಿತ್ತು ಎಂಬುದನ್ನು ಹಿರಿಯರಿಂದ ಕೇಳಿ ಬೇರೆ ಕಾಗದದಲ್ಲಿ ಬರೆದು, ದಿನಾಂಕ ಹಾಕಿ, ಕಟ್ಟಿನ ಜೊತೆಗೇ ಇಡಿರಿ. ಗರಿಯ ಮೇಲೆ ಮಾತ್ರ ಏನನ್ನೂ ಬರೆಯಬೇಡಿರಿ.